ಎಲ್ಲವನ್ನೂ ಮಾಡುವವರ ಊರು

ಮಂಗಳೂರಿನ ಸಣ್ಣ ವೆಬ್ ಆಫೀಸುಗಳು ಕೆಲಸಕ್ಕೆ ಜನ ಬೇಕು ಅಂತ ಹಾಕುವ ಜಾಹೀರಾತು ಓದುವುದು ನನಗೊಂದು ಚಟ. ಹೆಚ್ಚುಕಡಿಮೆ ಎಲ್ಲವೂ ಹೀಗೇ ಇರುತ್ತವೆ: 'ವೆಬ್ ಡಿಸೈನರ್ ಬೇಕಾಗಿದ್ದಾರೆ. ಫೋಟೋಶಾಪ್, ಕೋರಲ್‌ಡ್ರಾ, ಎಚ್‌ಟಿಎಂಎಲ್, ಸಿಎಸ್‌ಎಸ್, ವರ್ಡ್‌ಪ್ರೆಸ್, ಸ್ವಲ್ಪ ಪಿಎಚ್‌ಪಿ ಗೊತ್ತಿರಬೇಕು. ಸೋಷಿಯಲ್ ಮೀಡಿಯಾ ನೋಡಿಕೊಳ್ಳಬೇಕು. ಕನ್ನಡ ಟೈಪಿಂಗ್ ಬಂದರೆ ಒಳ್ಳೆಯದು. ಸ್ವಂತ ಬೈಕ್ ಇರಬೇಕು.' ಬೈಕ್ ಯಾಕೆ ಅಂತ ಹೊರಗಿನವರಿಗೆ ಅರ್ಥ ಆಗಲಿಕ್ಕಿಲ್ಲ. ಗಿರಾಕಿಯ ಅಂಗಡಿಗೆ ಹೋಗಿ ಫೋಟೋ ತೆಗೆಯಬೇಕು, ಪೆನ್‌ಡ್ರೈವಿನಲ್ಲಿ ಲೋಗೋ ತರಬೇಕು, ಬಾಕಿ ದುಡ್ಡಿಗೆ ಅಲೆಯಬೇಕು. ಅದೂ ಡಿಸೈನರನ ಕೆಲಸವೇ.

ಬೆಂಗಳೂರಿನ ದೊಡ್ಡ ಕಂಪನಿಗಳ ಜಾಹೀರಾತು ಬೇರೆ ಲೋಕದ್ದು. ಅಲ್ಲಿ ಬಣ್ಣ, ಬಟನ್, ಅಕ್ಷರದ ಅಳತೆಗಳ ಪಟ್ಟಿಯನ್ನು ಕಾಪಾಡುವುದಕ್ಕೇ ಒಬ್ಬರು. ಬಳಸುವ ಜನರ ಜೊತೆ ಕೂತು ಮಾತಾಡಿ ಬರುವುದಕ್ಕೆ ಒಬ್ಬರು. ಪುಟ ಬೇಗ ತೆರೆಯುವಂತೆ ನೋಡಿಕೊಳ್ಳುವುದಕ್ಕೆ ಒಬ್ಬರು. ಬಟನ್ ಮೇಲಿನ ಎರಡು ಶಬ್ದ ಬರೆಯುವುದಕ್ಕೂ ಒಬ್ಬರು ಇದ್ದಾರೆ, ಅವರಿಗೆ ಒಳ್ಳೆಯ ಸಂಬಳವೂ ಉಂಟು.

ನಾನು ಎರಡೂ ಕಡೆ ಇದ್ದವನು. ಮೊದಲು ಹಂಪನಕಟ್ಟೆಯ ಹತ್ತಿರ ಒಂದು ಹಳೆ ಕಟ್ಟಡದ ಮಹಡಿಯಲ್ಲಿ, ಲೋಗೋದಿಂದ ಸರ್ವರ್‌ವರೆಗೆ ಎಲ್ಲವೂ ನನ್ನದೇ. ಆಮೇಲೆ ಬೆಂಗಳೂರಿನಲ್ಲಿ, ಒಂದು ದೊಡ್ಡ ವೆಬ್‌ಸೈಟಿನ ಫಾರ್ಮುಗಳು ಮಾತ್ರ ನನ್ನವು. ಹೆಸರು, ವಿಳಾಸ, ಪಿನ್‌ಕೋಡ್ ತುಂಬುವ ಪೆಟ್ಟಿಗೆಗಳು ಉಂಟಲ್ಲ, ಅವು. ಈಗ ಮತ್ತೆ ಮಂಗಳೂರು, ಮತ್ತೆ ಎಲ್ಲವೂ ನನ್ನದೇ. ಸುರತ್ಕಲ್, ನಿಟ್ಟೆ, ಮೂಡುಬಿದಿರೆ ಕಡೆಯ ಕಾಲೇಜಿನ ಮಕ್ಕಳು ಸಿಕ್ಕಾಗ ಕೇಳುವ ಪ್ರಶ್ನೆ ಒಂದೇ. "ಸರ್, ಫುಲ್ ಸ್ಟ್ಯಾಕ್ ಕಲೀಬೇಕಾ, ಒಂದನ್ನೇ ಗಟ್ಟಿಯಾಗಿ ಹಿಡ್ಕೊಳ್ಬೇಕಾ?" ಫುಲ್ ಸ್ಟ್ಯಾಕ್ ಅಂದರೆ ಕಣ್ಣಿಗೆ ಕಾಣುವ ಪುಟದಿಂದ ಹಿಂದಿನ ಸರ್ವರ್‌ವರೆಗೆ ಎಲ್ಲವೂ.

ಅವರು ಕೇಳುವ ರೀತಿ ನೋಡಿದರೆ ಇದು ಹುಟ್ಟಿದ ನಕ್ಷತ್ರಕ್ಕೆ ಸಂಬಂಧಪಟ್ಟ ವಿಷಯ ಅನ್ನಬೇಕು. ನಾನು ಯಾವ ಜಾತಿಯವ, ಆಳಕ್ಕೆ ಇಳಿಯುವವನಾ, ಅಗಲಕ್ಕೆ ಹರಡುವವನಾ? ಸ್ವಭಾವಕ್ಕೆ ಇದರಲ್ಲಿ ಪಾಲೇ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಮುಕ್ಕಾಲು ಭಾಗ ತೀರ್ಮಾನ ಆಗುವುದು ಪೇಟೆಯಲ್ಲಿ, ನಮ್ಮ ತಲೆಯಲ್ಲಿ ಅಲ್ಲ.

1776ರಲ್ಲಿ ಆಡಂ ಸ್ಮಿತ್ ಬರೆದ ಗುಂಡುಸೂಜಿ ಕಾರ್ಖಾನೆಯ ಕಥೆ ಕಾಮರ್ಸ್ ಓದಿದವರಿಗೆಲ್ಲ ಗೊತ್ತು. ಒಬ್ಬ ತಂತಿ ಎಳೆಯುತ್ತಾನೆ, ಇನ್ನೊಬ್ಬ ನೇರ ಮಾಡುತ್ತಾನೆ, ಮತ್ತೊಬ್ಬ ಕತ್ತರಿಸುತ್ತಾನೆ, ಮಗದೊಬ್ಬ ಮೊನೆ ಮಾಡುತ್ತಾನೆ. ಹೀಗೆ ಹಂಚಿಕೊಂಡ ಹತ್ತು ಜನ ದಿನಕ್ಕೆ 48,000 ಸೂಜಿ ಮಾಡುತ್ತಿದ್ದರು. ಬೇರೆ ಬೇರೆ ಕೂತಿದ್ದರೆ ಒಬ್ಬೊಬ್ಬರಿಂದ ಇಪ್ಪತ್ತೂ ಆಗುತ್ತಿರಲಿಲ್ಲ ಅನ್ನುತ್ತಾನೆ ಸ್ಮಿತ್. ಹೆಚ್ಚಿನವರು ಇಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ನಮಗೆ ಬೇಕಾದ ಮಾತು ಎರಡು ಅಧ್ಯಾಯ ದಾಟಿದ ಮೇಲೆ ಬರುತ್ತದೆ. ಕೆಲಸವನ್ನು ಎಷ್ಟು ತುಂಡು ಮಾಡಬಹುದು ಅನ್ನುವುದು ಪೇಟೆ ಎಷ್ಟು ದೊಡ್ಡದು ಅನ್ನುವುದರ ಮೇಲೆ ನಿಂತಿದೆ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಒಂಟಿ ಮನೆಗಳಲ್ಲಿ ರೈತನೇ ತನ್ನ ಸಂಸಾರಕ್ಕೆ ಕಟುಕ, ಬೇಕರಿಯವ, ಬಿಯರ್ ಮಾಡುವವ ಎಲ್ಲ ಆಗಬೇಕಿತ್ತು. ಅವನಿಗೆ ಬೇರೆ ದಾರಿ ಇರಲಿಲ್ಲ. ಮೊಳೆ ಮಾತ್ರ ಬಡಿಯುತ್ತೇನೆ ಅಂತ ಅಲ್ಲಿ ಯಾರಾದರೂ ಕೂತರೆ ಅವನ ಮೊಳೆ ಕೊಳ್ಳುವವರು ಇಲ್ಲ.

ಮಂಗಳೂರಿನಲ್ಲಿ 'ನಾನು ಐಕಾನ್ ಮಾತ್ರ ಬಿಡಿಸುತ್ತೇನೆ' ಅಂತ ಬೋರ್ಡು ಹಾಕಿಕೊಂಡರೂ ಅಷ್ಟೇ. ಇಲ್ಲಿನ ಗಿರಾಕಿ ಯಾರು? ಗೋಡಂಬಿ ಫ್ಯಾಕ್ಟರಿಯವರು, ಮದುವೆ ಹಾಲ್ ಇಟ್ಟುಕೊಂಡವರು, ಕ್ಲಿನಿಕ್ಕಿನ ಡಾಕ್ಟರು, ದೇವಸ್ಥಾನದ ಆಡಳಿತ ಮಂಡಳಿ, ಟ್ಯೂಷನ್ ಕ್ಲಾಸಿನವರು. ಅವರಿಗೆ ಒಂದು ವೆಬ್‌ಸೈಟ್ ಬೇಕು, ಒಂದು ಫೋನ್ ನಂಬರ್ ಬೇಕು. ಏನೇ ಆದರೂ ಆ ನಂಬರಿಗೆ ಫೋನ್ ಮಾಡಿ "ಎಂತ ಮಾರಾಯ್ರೆ, ಇದು ಓಪನ್ ಆಗುವುದಿಲ್ಲ" ಅನ್ನಲಿಕ್ಕೆ.

ಸ್ಮಿತ್ ಇನ್ನೊಂದು ಮಾತು ಸೇರಿಸುತ್ತಾನೆ, ಅದು ನಮ್ಮಂಥ ಕಡಲತೀರದವರಿಗೆ ಕುತೂಹಲದ್ದು. ನೀರಿನ ದಾರಿ ಇರುವ ಕಡೆ ಪೇಟೆ ತಾನಾಗಿ ಹಿಗ್ಗುತ್ತದೆ, ಹಾಗಾಗಿ ಕಸುಬುಗಳು ಮೊದಲು ಒಡೆದು ಬೆಳೆಯುವುದು ಕರಾವಳಿಯಲ್ಲಿ ಅನ್ನುತ್ತಾನೆ. ಈಗ ಆ ನೀರಿನ ದಾರಿಯ ಕೆಲಸವನ್ನು ಇಂಟರ್‌ನೆಟ್ ಮಾಡುತ್ತಿದೆ. ಉಡುಪಿಯಲ್ಲಿ 1996ರಲ್ಲಿ ರೋಬೋಸಾಫ್ಟ್ ಶುರುವಾದಾಗ ಅವರು ಮಾಡುತ್ತಿದ್ದದ್ದು ಮ್ಯಾಕ್ ಕಂಪ್ಯೂಟರುಗಳಿಗೆ ಸಾಫ್ಟ್‌ವೇರ್. ಆಗ ಉಡುಪಿಯಲ್ಲಿ ಮ್ಯಾಕ್ ಇಟ್ಟುಕೊಂಡವರು ಎಷ್ಟು ಜನ ಇದ್ದಿರಬಹುದು ಹೇಳಿ! ಊರಿನ ಪೇಟೆ ನಂಬಿದ್ದರೆ ಆ ಕಂಪನಿ ಬೆಳೆಯುತ್ತಲೇ ಇರಲಿಲ್ಲ. 2009ರಲ್ಲಿ ಅದೇ ಊರಿನಿಂದ 99ಗೇಮ್ಸ್ ಬಂತು. ಮೊಬೈಲ್ ಗೇಮ್ ಅಂದರೆ ಚಿತ್ರ ಬಿಡಿಸುವವರು ಬೇರೆ, ಅದಕ್ಕೆ ಚಲನೆ ಕೊಡುವವರು ಬೇರೆ, ಆಟದ ಹಂತಗಳನ್ನು ಕಟ್ಟುವವರು ಬೇರೆ, ಕೋಡ್ ಬರೆಯುವವರು ಬೇರೆ. ಇಷ್ಟೆಲ್ಲ ಬಗೆಯ ಕೆಲಸ ಉಡುಪಿಯಂಥ ಊರಿನಲ್ಲಿ ನಿಂತದ್ದು ಆಡುವವರು ಜಗತ್ತಿನ ತುಂಬ ಇದ್ದ ಕಾರಣ.

ಇಲ್ಲಿ ಹಿಂದೆಯೂ ಹೀಗೇ ನಡೆದಿದೆ. ಅಚ್ಚಿನ ಕೆಲಸವನ್ನೇ ನೋಡಿ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣ ಶುರು ಮಾಡಿದರು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಟಾಗ ಬರೆಯುವುದು, ಹೊಂದಿಸುವುದು, ಹಂಚುವುದು ಎಲ್ಲದರ ಹಿಂದೆ ಅದೇ ಮಿಷನ್ನಿನ ಮೋಗ್ಲಿಂಗ್ ಇದ್ದರು. 1894ರಲ್ಲಿ ಕಿಟ್ಟೆಲ್ ನಿಘಂಟು ಇಲ್ಲಿಂದಲೇ ಅಚ್ಚಾಗಿ ಬರುವ ಹೊತ್ತಿಗೆ ಅದು ಪಕ್ಕಾ ಕಾರ್ಖಾನೆಯ ಕೆಲಸ. ಅಚ್ಚುಮೊಳೆ ಜೋಡಿಸುವವರು, ಕರಡು ತಿದ್ದುವವರು, ಯಂತ್ರ ನಡೆಸುವವರು, ಬೈಂಡಿಂಗಿನವರು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ನೂರು ವರ್ಷ ಹಾಗೇ ನಡೆಯಿತು. 1985ರಲ್ಲಿ ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ ಬಂತು. ಅದು ನಮ್ಮ ಕಡೆ ಕಾಲಿಟ್ಟ ಮೇಲೆ ಇಷ್ಟೂ ಜನ ಸೇರಿ ಒಬ್ಬ ಡಿಟಿಪಿ ಆಪರೇಟರ್ ಆಗಿಬಿಟ್ಟರು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ಚುನಾವಣೆಯ ಪೋಸ್ಟರ್ ಎಲ್ಲ ಒಂದೇ ಕುರ್ಚಿಯಿಂದ. ಟೈಪಿಂಗು, ಡಿಸೈನು, ಕಾಗುಣಿತ ತಿದ್ದುವುದು, ಗಿರಾಕಿಯ ಜೊತೆ ಜಗಳ, ಎಲ್ಲವೂ ಅವನದೇ. ನನಗೆ ಕೆಲಸ ಕಲಿಸಿದವರು ಅಂಥ ಒಂದು ಅಂಗಡಿಯಿಂದಲೇ ವೆಬ್ಬಿಗೆ ಬಂದವರು.

ವೆಬ್ಬಿನ ಕಥೆಯೂ ಇದೇ ತಾಳದಲ್ಲಿ ಸಾಗಿದೆ. ಟಿಮ್ ಬರ್ನರ್ಸ್-ಲೀ ಮೊದಲ ಬ್ರೌಸರ್, ಮೊದಲ ಸರ್ವರ್, ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್ ಮೂರನ್ನೂ ಬರೆದರು. 1991ರಲ್ಲಿ ಜನ ನೋಡಿದ ಮೊದಲ ವೆಬ್‌ಸೈಟೂ ಅವರದ್ದೇ. ಪುಟದ ಅಂದಚಂದವನ್ನು ಬೇರೆ ಕಡೆ ಬರೆದಿಡೋಣ ಅಂತ 1994ರಲ್ಲಿ ಹೋಕನ್ ವಿಯಂ ಲೀ ಸಿಎಸ್‌ಎಸ್ ಯೋಚನೆ ತಂದರು. ಮರುವರ್ಷ ಬ್ರೆಂಡನ್ ಐಕ್ ಹತ್ತು ದಿನದಲ್ಲಿ, ಪುಟಕ್ಕೆ ಜೀವ ಕೊಡುವ ಭಾಷೆ ಜಾವಾಸ್ಕ್ರಿಪ್ಟಿನ ಮೊದಲ ರೂಪ ಕಟ್ಟಿದರು. ಅಷ್ಟಾದರೂ ತುಂಬಾ ವರ್ಷ 'ವೆಬ್‌ಮಾಸ್ಟರ್' ಅಂತ ಒಬ್ಬನೇ ಇರುತ್ತಿದ್ದ. 2007ರಲ್ಲಿ ಐಫೋನ್ ಬಂದು ಪರದೆಯ ಅಳತೆ ಕೈ ತಪ್ಪಿತು. 2013ರಲ್ಲಿ ರಿಯಾಕ್ಟ್ ಅನ್ನುವ ಜಾವಾಸ್ಕ್ರಿಪ್ಟ್ ಸಲಕರಣೆ ಬಂದ ಮೇಲೆ ಬ್ರೌಸರಿನೊಳಗಿನ ಕೆಲಸವೇ ಒಂದು ದೊಡ್ಡ ಶಾಸ್ತ್ರ ಆಯಿತು. ಫ್ರಂಟ್‌ಎಂಡ್ (ಬ್ರೌಸರಿನ ಕಡೆಯ ಕೆಲಸ) ಅನ್ನುವ ಹೆಸರಿನೊಳಗೇ ಎರಡು ಬಣ ಆಗಿದೆ, ಒಂದು ಜಾವಾಸ್ಕ್ರಿಪ್ಟಿನವರದ್ದು, ಇನ್ನೊಂದು ಎಚ್‌ಟಿಎಂಎಲ್-ಸಿಎಸ್‌ಎಸ್‌ನವರದ್ದು ಅಂತ ವೆಬ್ ಬಗ್ಗೆ ಬರೆಯುವ ಕ್ರಿಸ್ ಕಾಯರ್ 2019ರಲ್ಲಿ ಬರೆದಾಗ ಅದನ್ನು ಓದಿ ತಲೆದೂಗಿದವರಲ್ಲಿ ನಾನೂ ಒಬ್ಬ. ಆದರೆ ಈ ಒಡೆಯುವಿಕೆ ಒಂದೇ ದಿಕ್ಕಿನಲ್ಲಿ ಹೋಗುವುದಿಲ್ಲ. ಕೋಡ್ ಬರೆಯುವವರು ಒಂದು ಕಡೆ, ಸರ್ವರ್ ನೋಡುವವರು ಇನ್ನೊಂದು ಕಡೆ ಅಂತ ಇದ್ದ ಗೋಡೆಯನ್ನು 2009ರ ಹೊತ್ತಿಗೆ ಡೆವ್‌ಆಪ್ಸ್ ಅನ್ನುತ್ತಾ ಜನ ತಾವೇ ಕೆಡವಲು ಹೊರಟರು. ಗೋಡೆಯ ಆಚೆ ಎಸೆದ ಕೆಲಸ ಅರ್ಧರಾತ್ರಿ ವಾಪಸ್ ಬರುತ್ತಿತ್ತಲ್ಲ, ಅದಕ್ಕೆ.

ಎಸೆಯುವ, ಹಿಡಿಯುವ ಈ ಜಾಗದ ಬಗ್ಗೆಯೇ ನನಗೆ ಹೆಚ್ಚು ಹೇಳಬೇಕಾಗಿರುವುದು.

ಮಂಗಳೂರಿನವರಿಗೆ ಸ್ಪೆಷಲಿಸ್ಟ್ ಅಂದರೆ ಮೊದಲು ನೆನಪಾಗುವುದು ಡಾಕ್ಟರು. ಕಾಸರಗೋಡಿನಿಂದ, ಚಿಕ್ಕಮಗಳೂರಿನಿಂದ ಜನ ಇಲ್ಲಿನ ಆಸ್ಪತ್ರೆಗಳಿಗೆ ಬರುತ್ತಾರೆ. ನನ್ನ ದೊಡ್ಡಮ್ಮನಿಗೆ ಮೊಣಕಾಲಿಗೆ ಒಬ್ಬರು, ಶುಗರಿಗೆ ಒಬ್ಬರು, ಎದೆಗೆ ಒಬ್ಬರು. ಮೂವರೂ ತಮ್ಮ ತಮ್ಮ ವಿಷಯದಲ್ಲಿ ಗಟ್ಟಿಗರು. ಆದರೆ ಇಬ್ಬರು ಬರೆದುಕೊಟ್ಟದ್ದು ಬೇರೆ ಬೇರೆ ಕಂಪನಿಯ ಒಂದೇ ನೋವಿನ ಮಾತ್ರೆ ಅಂತ ಕಂಡುಹಿಡಿದದ್ದು ಬಿಕಾಂ ಓದಿದ ದೊಡ್ಡಮ್ಮನ ಮಗಳು. ಅವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಎಲ್ಲ ಚೀಟಿ, ಎಲ್ಲ ಸ್ಕ್ಯಾನ್. ಅವಳಿಗೆ ಔಷಧಿ ಗೊತ್ತಿಲ್ಲ, ಅಮ್ಮ ಗೊತ್ತು. ದೊಡ್ಡ ವೆಬ್ ಯೋಜನೆಗಳಲ್ಲಿ ನಾನು ಯಾವಾಗಲೂ ಹುಡುಕುವುದು ಈ ಕವರು ಹಿಡಿದವರು ಯಾರು ಅಂತ. ಎಷ್ಟೋ ಕಡೆ ಯಾರೂ ಇರುವುದಿಲ್ಲ.

ಆಪರೇಷನ್ ಥಿಯೇಟರಿನ ಹಾಗೆ ಸಾಫ್ಟ್‌ವೇರ್ ತಂಡ ಕಟ್ಟಬೇಕು ಅನ್ನುವುದು ಹಳೆಯ ಯೋಚನೆಯೇ. ಕಂಪ್ಯೂಟರ್ ತಜ್ಞ ಹಾರ್ಲನ್ ಮಿಲ್ಸ್ ಹೇಳಿದ್ದನ್ನು 1975ರಲ್ಲಿ ಅದೇ ಕ್ಷೇತ್ರದ ಫ್ರೆಡ್ ಬ್ರೂಕ್ಸ್ ವಿವರವಾಗಿ ಬರೆದರು. ಒಬ್ಬ ಸರ್ಜನ್, ಅವನ ಜೊತೆಗಾರ, ಪರೀಕ್ಷೆ ಮಾಡುವವ, ಉಪಕರಣ ಮಾಡಿಕೊಡುವವ, ಪ್ರೋಗ್ರಾಮಿಂಗ್ ಭಾಷೆಯ ಮೂಲೆಮೂಲೆ ಬಲ್ಲ ಒಬ್ಬ 'ಲಾಯರ್', ಹೀಗೆ ಹತ್ತು ಜನ. ಆ ಪಟ್ಟಿಯಲ್ಲಿ ನನಗೆ ಇಷ್ಟವಾಗುವುದು ಏನೆಂದರೆ, ಅಷ್ಟು ಜನ ಇದ್ದರೂ ಇಡೀ ವಿನ್ಯಾಸ ಒಂದು ಅಥವಾ ಎರಡು ತಲೆಯಲ್ಲೇ ಇರಬೇಕು ಅಂತ ಬ್ರೂಕ್ಸ್ ಹಠ ಹಿಡಿಯುತ್ತಾರೆ. ಈಗಿನ ಕಂಪನಿಗಳು ಹತ್ತು ಜನರನ್ನು ಇಟ್ಟುಕೊಂಡವು, ಆ ತಲೆಯನ್ನು ಮರೆತವು.

ಒಂದು ನಿಜವಾದ ಉದಾಹರಣೆ ಹೇಳುತ್ತೇನೆ. ಹೆಸರು ಬೇಡ. ಒಂದು ಸಹಕಾರಿ ಸಂಸ್ಥೆಗೆ ದೊಡ್ಡ ಊರಿನ ದೊಡ್ಡ ತಂಡ ವೆಬ್‌ಸೈಟ್ ಮಾಡಿಕೊಟ್ಟಿತು. ಇಂಗ್ಲಿಷಿನಲ್ಲಿ ಚೆಂದ ಇತ್ತು. ಕನ್ನಡದ ಬಟನ್ ಒತ್ತಿದರೆ ಬೇರೆಯೇ ಅವತಾರ. ಸಾಲುಗಳ ನಡುವೆ ಜಾಗ ಸಾಲದೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿತ್ತು. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಬಳಸಿ ತಲೆಬರಹವನ್ನು ಬೇರೆ ಕಾಣಿಸಿದ್ದರು. ಕನ್ನಡದಲ್ಲಿ ದೊಡ್ಡಕ್ಷರ ಎಲ್ಲಿಂದ ಬರಬೇಕು? ಹಾಗಾಗಿ ತಲೆಬರಹವೂ ಒಳಬರಹವೂ ಒಂದೇ ಥರ. ಸುದ್ದಿಯ ಮೊದಲ ಇಷ್ಟು ಅಕ್ಷರ ತೋರಿಸಿ ಅಂತ ಕೋಡಿನಲ್ಲಿ ಬರೆದಿದ್ದರು. ಕಂಪ್ಯೂಟರಿನ ಲೆಕ್ಕವೇ ಬೇರೆ. ನಮಗೆ 'ಸ್ತ್ರೀ' ಒಂದು ಅಕ್ಷರ, ಕಂಪ್ಯೂಟರುಗಳು ಅಕ್ಷರ ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಅದು ಆರು ಸಂಕೇತ. ಕತ್ತರಿ ಎಲ್ಲೋ ನಡುವೆ ಬಿದ್ದು ಅರ್ಧ ಅಕ್ಷರಗಳು ನೇತಾಡುತ್ತಿದ್ದವು. ಸಂಸ್ಥೆಯವರು ಕೊಟ್ಟ ಹಳೆಯ ವರದಿಗಳು ಯೂನಿಕೋಡ್ ಬರುವ ಮುಂಚಿನ ಫಾಂಟಿನವು. ಅವನ್ನು ಹಾಗೇ ಅಂಟಿಸಿದ್ದರಿಂದ ಆ ಪುಟಗಳಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ.

ಎಲ್ಲಕ್ಕಿಂತ ತಮಾಷೆಯದ್ದು ಸದಸ್ಯರ ಹೆಸರು. 'ರಾಜ್‌ಕುಮಾರ್' ಅಂತ ತುಂಬಿದವರು 'ರಾಜ್ಕುಮಾರ್' ಆಗಿ ಹೊರಬರುತ್ತಿದ್ದರು. ಜ್ ಮತ್ತು ಕು ಕೂಡಿಕೊಳ್ಳದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಅದನ್ನು ವೆಬ್‌ಸೈಟ್ ಕಸ ಅಂತ ಗುಡಿಸಿ ಹಾಕುತ್ತಿತ್ತು.

ಇದರಲ್ಲಿ ಯಾರೂ ತಮ್ಮ ಕೆಲಸವನ್ನು ಕೆಟ್ಟದಾಗಿ ಮಾಡಿರಲಿಲ್ಲ ಅನ್ನುವುದೇ ವಿಚಿತ್ರ. ಡಿಸೈನರ್ ಚೆಂದದ ಇಂಗ್ಲಿಷ್ ಪುಟ ಮಾಡಿದ್ದರು. ಕೋಡ್ ಬರೆದವರಿಗೆ ಕನ್ನಡ ಬಾರದು, ಅವರ ಕೈಗೆ ಬಂದದ್ದನ್ನು ಸರಿಯಾಗಿ ಕೂರಿಸಿದ್ದರು. ಅನುವಾದ ಮಾಡಿದವರು ಎಕ್ಸೆಲ್ ಹಾಳೆಯಲ್ಲಿ ಶುದ್ಧ ಕನ್ನಡ ಕೊಟ್ಟಿದ್ದರು, ಪುಟ ನೋಡಿರಲೇ ಇಲ್ಲ. ಪರೀಕ್ಷೆ ಮಾಡಿದವರ ಪಟ್ಟಿಯಲ್ಲಿ 'ಕನ್ನಡ ಬಟನ್ ಒತ್ತಿದರೆ ಭಾಷೆ ಬದಲಾಗುತ್ತದೆಯೇ' ಅಂತ ಇತ್ತು. ಬದಲಾಗುತ್ತಿತ್ತು. ಸರಿ ಅಂತ ಗುರುತು ಹಾಕಿದರು.

ರಿಪೇರಿಗೆ ಅದು ನಮ್ಮ ಆಫೀಸಿಗೆ ಬಂತು. ಪುಟ ತೆರೆದ ಕೂಡಲೇ ಅರ್ಧಕ್ಕರ್ಧ ತೊಂದರೆ ಹೇಳಿದವರು ನಮ್ಮ ಜೊತೆಗಿರುವ ಹಳೆಯ ಡಿಟಿಪಿಯವರು. ವಯಸ್ಸಿನಲ್ಲಿ ಹಿರಿಯರು, ನಾವೆಲ್ಲ ಅವರನ್ನು ಅಣ್ಣ ಅನ್ನುವುದು. "ಇದೆಂತ, ಒತ್ತು ಕೆಳಗೆ ತಾಗ್ತಾ ಉಂಟಲ್ಲ. ಇಷ್ಟು ಕಾಣುವುದಿಲ್ವಾ ಇವರಿಗೆ?" ಸಾಲಿನ ಅಂತರ ಹೆಚ್ಚಿಸಿದರು, ಫಾಂಟ್ ಬದಲಿಸಿದರು, ಹಳೆಯ ವರದಿಗಳನ್ನು ಯೂನಿಕೋಡಿಗೆ ತಂದರು. ರಾಜ್‌ಕುಮಾರರ ಸಮಸ್ಯೆಗೆ ಅವರು ಕಂಡುಕೊಂಡ ದಾರಿ ಬಹಳ ಸುಲಭದ್ದು. ಗುಡಿಸುವ ಕೋಡನ್ನೇ ಕಿತ್ತು ಹಾಕಿದರು. ಹೆಸರುಗಳೆಲ್ಲ ಸರಿಯಾದವು. ಸಂಸ್ಥೆಯವರಿಗೂ ಖುಷಿ.

ಅದು ಹಾಗೇ ಹೋಗುತ್ತಿತ್ತೋ ಏನೋ. ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡಿದ, ಸೆಕ್ಯುರಿಟಿ ಬಿಟ್ಟು ಬೇರೆ ಏನನ್ನೂ ಮುಟ್ಟದ ಒಬ್ಬ ಗೆಳತಿಗೆ ಅದನ್ನು ಸುಮ್ನೆ ತೋರಿಸಿದೆವು. ಅವಳು ಪುಟದ ಚೆಂದ ನೋಡಲೇ ಇಲ್ಲ. ನೇರ ಸದಸ್ಯರ ಹೆಸರು ತುಂಬುವ ಪೆಟ್ಟಿಗೆಗೆ ಹೋಗಿ ಹೆಸರಿನ ಜಾಗದಲ್ಲಿ ಒಂದು ಸಾಲು ಸ್ಕ್ರಿಪ್ಟ್, ಅಂದರೆ ಬ್ರೌಸರ್ ನಡೆಸುವ ಕೋಡ್, ತುಂಬಿದಳು. ಅದು ಪುಟದಲ್ಲಿ ಓಡಿತು. ಆ ಕಸಪೊರಕೆ ಅಲ್ಲಿದ್ದದ್ದು ಇಂಥದ್ದನ್ನು ತಡೆಯಲಿಕ್ಕೆ. ಕಾಣದ ಸಂಕೇತಗಳನ್ನು ಅದು ಗುಡಿಸುತ್ತಿದ್ದುದಕ್ಕೂ ಕಾರಣ ಇತ್ತು. ಅವನ್ನು ಸಿಕ್ಕಿಸಿ, ಕಣ್ಣಿಗೆ ಒಂದೇ ಥರ ಕಾಣುವ ಎರಡು ಬೇರೆ ಹೆಸರು ಸೃಷ್ಟಿಸಬಹುದು. "ಬಾಗಿಲು ಬಿಗಿ ಉಂಟು ಅಂತ ಬಾಗಿಲೇ ತೆಗೆಯುವುದಾ?" ಅಂತ ಕೇಳಿದಳು. ಅಣ್ಣ ಮುಖ ಕೆಂಪು ಮಾಡಿಕೊಂಡರು. ಆಮೇಲೆ ಇಬ್ಬರೂ ಫೋನಿನಲ್ಲೇ ಕೂತು, ಕನ್ನಡಕ್ಕೆ ಬೇಕಾದ ಆ ಒಂದು ಸಂಕೇತವನ್ನು ವ್ಯಂಜನದ ಅರ್ಧ ರೂಪದ ನಂತರ ಬಂದರೆ ಮಾತ್ರ ಒಳಗೆ ಬಿಡುವುದು ಅಂತ ತೀರ್ಮಾನಿಸಿದರು. ಆ ನಿಯಮವನ್ನು ಅಣ್ಣ ಒಬ್ಬರಿಂದ ಬರೆಯಲು ಆಗುತ್ತಿರಲಿಲ್ಲ. ಅವಳಿಂದಲೂ ಆಗುತ್ತಿರಲಿಲ್ಲ, ಅರ್ಕಾವತ್ತು ಅಂದರೆ ಏನು ಅಂತ ಅವಳಿಗೆ ಅವತ್ತೇ ಗೊತ್ತಾದದ್ದು.

ಈ ಘಟನೆ ಆದ ಮೇಲೆ ನಾನು ಆ ಕಾಲೇಜು ಮಕ್ಕಳ ಪ್ರಶ್ನೆಯನ್ನು ಬೇರೆ ರೀತಿ ನೋಡಲು ಶುರು ಮಾಡಿದೆ. ಆಳವಾ ಅಗಲವಾ ಅಂತ ಕೇಳುವ ಬದಲು, ನಿಮ್ಮ ಕೆಲಸ ನೋಡಿ 'ಇದು ತಪ್ಪು' ಅನ್ನುವವರು ಯಾರಿದ್ದಾರೆ ಅಂತ ಕೇಳಬೇಕು.

ಸ್ಪೆಷಲಿಸ್ಟ್ ಆದವರಿಗೆ ಅಂಥವರು ಸುತ್ತಲೂ ಇರುತ್ತಾರೆ. ಬೆಂಗಳೂರಿನಲ್ಲಿ ನಾನು ಬರೆದ ಒಂದು ಪಿನ್‌ಕೋಡ್ ಪೆಟ್ಟಿಗೆಯನ್ನು ಮೂವರು ಓದುತ್ತಿದ್ದರು. ಒಬ್ಬರು ಕೀಬೋರ್ಡಿನಿಂದಲೇ ಅಲ್ಲಿಗೆ ಹೋಗಲು ಆಗುತ್ತದಾ ನೋಡುತ್ತಿದ್ದರು. ಇನ್ನೊಬ್ಬರು ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಅದನ್ನು ಏನಂತ ಓದುತ್ತದೆ ಅಂತ ಕೇಳುತ್ತಿದ್ದರು. ಮೂರನೆಯವರು ಬೂದು ಬಣ್ಣದ ಅಕ್ಷರ ಹಿನ್ನೆಲೆಗೆ ಹೋಲಿಸಿದರೆ ಸುಲಭವಾಗಿ ಓದಲು ಬೇಕಾದ 4.5:1 ಹೊಳಪಿನ ಅನುಪಾತಕ್ಕೆ ಬರುವುದಿಲ್ಲ ಅಂತ ವಾಪಸ್ ಕಳಿಸುತ್ತಿದ್ದರು. ಸಿಟ್ಟು ಬರುತ್ತಿತ್ತು, ಕಲಿಕೆಯೂ ಆಗುತ್ತಿತ್ತು. ಆದರೆ ಆ ಪೆಟ್ಟಿಗೆ ತುಂಬುವ ಒಬ್ಬ ಮನುಷ್ಯನನ್ನೂ ಅಲ್ಲಿದ್ದಷ್ಟು ವರ್ಷ ನಾನು ನೋಡಲಿಲ್ಲ.

ಊರಿನಲ್ಲಿ ಉಲ್ಟಾ. ಇಲ್ಲಿ ನನ್ನ ಕೋಡ್ ಓದುವವರು ಯಾರೂ ಇಲ್ಲ. ನನ್ನ ಸಿಎಸ್‌ಎಸ್ ಎಷ್ಟು ಕೊಳಕಾಗಿದ್ದರೂ ಕೇಳುವವರಿಲ್ಲ, ಪಕ್ಕದ ಕುರ್ಚಿಯವರಿಗೆ ಅವರದ್ದೇ ಇಪ್ಪತ್ತು ಕೆಲಸ. ಆದರೆ ಗಿರಾಕಿ ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಮೀನಿನ ಮಾರ್ಕೆಟಿನಲ್ಲಿ ಸಿಗುತ್ತಾರೆ, ಕದ್ರಿ ದೇವಸ್ಥಾನದ ಎದುರು ಸಿಗುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಎದುರಿಗೇ ಕೂತಿರುತ್ತಾರೆ. "ಅಲ್ಲ ಮಾರಾಯ್ರೆ, ನಿಮ್ಮ ಆ ವೆಬ್‌ಸೈಟಿನಲ್ಲಿ ಫೋನ್ ನಂಬರ್ ಒತ್ತಿದರೆ ಕಾಲ್ ಹೋಗುವುದಿಲ್ಲವಂತೆ. ನಮ್ಮ ಅಕ್ಕ ಹೇಳ್ತಾ ಇದ್ದಳು." ಯಾವ ದೊಡ್ಡ ಕಂಪನಿಯ ಬಳಕೆದಾರರ ಸಂಶೋಧನೆಯೂ ಇಷ್ಟು ನೇರ ಇರಲಿಕ್ಕಿಲ್ಲ. ಊಟದ ಮಧ್ಯ ಬೇರೆ.

ಎಲ್ಲವನ್ನೂ ಮಾಡುವವರಿಗೆ ಪರಿಣಾಮ ಕಾಣುತ್ತದೆ, ತಮ್ಮ ಕಸುಬು ಕಾಣುವುದಿಲ್ಲ. ಪುಟ ತೆರೆಯಿತು, ಗಿರಾಕಿ ದುಡ್ಡು ಕೊಟ್ಟ, ಮುಗಿಯಿತು. ಹಾಗೇ ಹತ್ತು ವರ್ಷ ನಡೆದರೂ ಯಾರಿಗೂ ಗೊತ್ತಾಗುವುದಿಲ್ಲ. ಇದು ಜಾಣತನ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ ಅಲ್ಲ. ನಮ್ಮ ಊರಿನ ಹುಡುಗರು ಬೆಂಗಳೂರಿಗೆ ಹೋದ ಮೇಲೆ ಏಕದಂ ಚೂಟಿಯಾಗುವುದನ್ನು ನೋಡಿ ಅಲ್ಲಿನ ನೀರಿನ ಗುಣ ಅಂದುಕೊಂಡವರಿದ್ದಾರೆ. ಪಕ್ಕದಲ್ಲಿ ಅದೇ ಕೆಲಸ ಮಾಡುವ ಇನ್ನಿಬ್ಬರು ಕೂತಿರುತ್ತಾರೆ, ಅಷ್ಟೇ ವ್ಯತ್ಯಾಸ.

1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ ಹೇಳಿದ ಮಾತೊಂದು ಉಂಟು. ಯಾವ ಸಂಸ್ಥೆ ಏನು ಕಟ್ಟಿದರೂ ಆ ಸಂಸ್ಥೆಯೊಳಗೆ ಯಾರು ಯಾರ ಹತ್ತಿರ ಮಾತಾಡುತ್ತಾರೆ ಅನ್ನುವುದರ ಪಡಿಯಚ್ಚು ಅದರಲ್ಲಿ ಮೂಡುತ್ತದೆ. ಕಾಲೇಜುಗಳ ವೆಬ್‌ಸೈಟ್ ತೆರೆದರೆ ಇದಕ್ಕೆ ಬೇರೆ ಸಾಕ್ಷಿ ಬೇಡ. ಮೆನುವಿನಲ್ಲಿ ಆಡಳಿತ ವಿಭಾಗ, ಪರೀಕ್ಷಾ ವಿಭಾಗ, ಲೆಕ್ಕಪತ್ರ ವಿಭಾಗ. ಫೀಸು ಎಷ್ಟು ಅಂತ ತಿಳಿಯಲು ಬಂದ ಅಪ್ಪನಿಗೆ ಕಾಣುವುದು ಕಾಲೇಜಿನ ಆಫೀಸಿನ ನಕ್ಷೆ. ಒಬ್ಬನೇ ಕೂತು ಮಾಡಿದ ವೆಬ್‌ಸೈಟಿನಲ್ಲೂ ಈ ಪಡಿಯಚ್ಚು ಇರುತ್ತದೆ ಅಂತ ನನಗನಿಸುತ್ತದೆ. ಅದರಲ್ಲಿ ಅವನ ಒಂಟಿತನ ಕಾಣುತ್ತದೆ. ಅವನಿಗೆ ಇಷ್ಟವಾದ ಮೂಲೆ ಮಾತ್ರ ಹೊಳೆಯುತ್ತಿರುತ್ತದೆ, ಉಳಿದದ್ದು ಬೇಗ ಬೇಗ ಮುಗಿಸಿದ್ದು.

ನಮ್ಮದೇ ಊರಿನವರೊಬ್ಬರನ್ನು ಇಲ್ಲಿ ನೆನೆಯದೆ ಇರಲು ಆಗುವುದಿಲ್ಲ. ಮಂಗಳೂರು ಹತ್ತಿರದ ಕಿನ್ನಿಕಂಬಳದ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್. ಕನ್ನಡ ಟೈಪ್ ಮಾಡುವವರೆಲ್ಲ ಅವರ ಋಣದಲ್ಲಿದ್ದಾರೆ. ಕ ಒತ್ತಿ ಇ ಒತ್ತಿದರೆ ಕಿ ಬರಬೇಕು, ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ, ಅಕ್ಷರದ ಆಕಾರದ ಚಿಂತೆ ಯಂತ್ರಕ್ಕಿರಲಿ. ನಾವು ಉಚ್ಚರಿಸುವ ಕ್ರಮದಲ್ಲೇ ಬೆರಳು ಓಡುವ ಈ ಕೀಲಿಮಣೆ ಅವರದ್ದು. ಆಮೇಲೆ ಸರ್ಕಾರ ಒಪ್ಪಿಕೊಂಡು 'ನುಡಿ' ತಂತ್ರಾಂಶದಲ್ಲಿ ಬಂದದ್ದೂ ಇದೇ ದಾರಿಯ ವಿನ್ಯಾಸ. ತಮ್ಮ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು ಸೇಡಿಯಾಪು, ನಮ್ಮ ಜಿಲ್ಲೆಯ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ.

ಕೆ.ಪಿ. ರಾಯರನ್ನು ಯಾವ ಪೆಟ್ಟಿಗೆಗೆ ಹಾಕುತ್ತೀರಿ? ಮುಂಬೈಯ ಟಾಟಾ ಸಂಶೋಧನಾ ಸಂಸ್ಥೆಯಲ್ಲಿದ್ದರು. ಲಿಪಿ ವಿದ್ವಾಂಸ ಐರಾವತಂ ಮಹಾದೇವನ್ 1977ರಲ್ಲಿ ಹೊರತಂದ ಸಿಂಧೂ ಲಿಪಿಯ ಅಕಾರಾದಿಗೆ ಕಂಪ್ಯೂಟರಿನ ಕೆಲಸ ಮಾಡಿದರು. ಅಚ್ಚಿನ ಯಂತ್ರಗಳಿಗೆ ಭಾರತದ ಲಿಪಿಗಳನ್ನು ಹೊಂದಿಸಿದರು. ಜನ ಅವರನ್ನು ಎಲ್ಲ ಬಲ್ಲವರು ಅಂತ ಹೊಗಳುತ್ತಾರೆ. ನನಗೆ ಕಾಣುವುದು ಬೇರೆ. ಅವರು ಸಿಂಧೂ ಲಿಪಿಯನ್ನು ಮನೆಯಲ್ಲಿ ಒಬ್ಬರೇ ಕೂತು ನೋಡಲಿಲ್ಲ, ಮಹಾದೇವನ್ ಅವರಂಥವರ ಜೊತೆ ಕೂತು ನೋಡಿದರು. ಅಚ್ಚಿನ ಕೆಲಸವನ್ನು ಅಚ್ಚಿನವರ ನಡುವೆ ಮಾಡಿದರು. ಹೋದ ಕಡೆಯೆಲ್ಲ ಆ ಕಸುಬಿನ ಜನ ಅವರ ಪಕ್ಕದಲ್ಲಿದ್ದರು.

ಹಾಗಂತ ಪ್ರತಿಯೊಂದಕ್ಕೂ ಕೈ ಹಾಕುವ ಧೈರ್ಯವನ್ನು ನಾನು ಹೊಗಳುವುದಿಲ್ಲ. ಪಾಸ್‌ವರ್ಡ್ ಉಳಿಸುವ ಕೋಡ್, ಕಾರ್ಡಿನಿಂದ ದುಡ್ಡು ತೆಗೆಯುವ ಕೋಡ್, ಇವನ್ನು ಸಣ್ಣ ಆಫೀಸಿನವರು ಸ್ವಂತವಾಗಿ ಬರೆಯಬಾರದು. ಇವತ್ತಿಗೂ ಯಾರಾದರೂ ಗಿರಾಕಿಯ ದುಡ್ಡು ಉಳಿಸಲು ಅದನ್ನು ತಾವೇ ಮಾಡುತ್ತೇವೆ ಅಂದರೆ ನಾನು ಎದ್ದು ಹೋಗುತ್ತೇನೆ. ಪೇಮೆಂಟ್ ಗೇಟ್‌ವೇ ಇರುವುದೇ ಅದಕ್ಕೆ, ಅಲ್ವಾ?

ಎಐ ಬಗ್ಗೆ ಬರೆಯದಿದ್ದರೆ ಈಗ ಯಾರೂ ಬಿಡುವುದಿಲ್ಲ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ನಮ್ಮಂಥವರು ಇನ್ನೂ ಜಾಸ್ತಿ ಕೆಲಸಕ್ಕೆ ಕೈ ಹಾಕುತ್ತಿದ್ದೇವೆ. ನನಗೆ ಬಾರದ ಡೇಟಾಬೇಸ್ ಕೆಲಸವನ್ನೂ ಅದು ಬರೆದುಕೊಡುತ್ತದೆ, ಅಣ್ಣನಿಗೆ ರಿಯಾಕ್ಟ್ ಬರೆದುಕೊಡುತ್ತದೆ. ಡಿಟಿಪಿ ಕಾಲ ಮತ್ತೆ ಬಂದ ಹಾಗೆ. ತೊಂದರೆ ಏನೆಂದರೆ ಅದು ಬಹಳ ಮರ್ಯಾದಸ್ಥ. "ಬಾಗಿಲೇ ತೆಗೆಯುವುದಾ" ಅಂತ ಗೆಳತಿ ಕೇಳಿದ ಹಾಗೆ ಅದು ತಾನಾಗಿ ಬೈಯುವುದು ಕಡಿಮೆ. ನಾವು ಕೇಳಿದ್ದಕ್ಕೆ ಹೌದು ಅನ್ನುತ್ತದೆ, ಕೇಳಬೇಕಾದದ್ದು ನಮಗೆ ಹೊಳೆಯಬೇಕು.

ಕಳೆದ ಮಳೆಗಾಲದಿಂದ ಮಂಗಳೂರು, ಉಡುಪಿಯ ಕೆಲವು ಸಣ್ಣ ಆಫೀಸಿನವರು ಸೇರಿ ಒಂದು ಪದ್ಧತಿ ಶುರು ಮಾಡಿದ್ದೇವೆ. ತಿಂಗಳಿಗೊಮ್ಮೆ ಒಬ್ಬರ ವೆಬ್‌ಸೈಟನ್ನು ಉಳಿದವರು ಬಿಚ್ಚಿ ನೋಡುವುದು. ಕೋಡ್ ಸಮೇತ. ಗಿರಾಕಿಯ ಹೆಸರು, ದರ ಮುಚ್ಚಿಡಬಹುದು, ಉಳಿದದ್ದೆಲ್ಲ ತೋರಿಸಬೇಕು. ಕೆಲವರು ಮೊದಲೇ ಬರಲಿಲ್ಲ, ನಾವು ಗಿರಾಕಿಯನ್ನು ಎಳೆದುಕೊಳ್ಳುತ್ತೇವೆ ಅನ್ನುವ ಹೆದರಿಕೆ. ಆ ಹೆದರಿಕೆ ಪೂರ್ತಿ ಸುಳ್ಳು ಅಂತ ನಾನು ಆಣೆ ಹಾಕಲಾರೆ. ಬಂದವರಲ್ಲೂ ಜಗಳ ಆಗಿದೆ. ಅಣ್ಣ ಮಾತ್ರ ಒಂದು ಸಲವೂ ತಪ್ಪಿಸಿಲ್ಲ, ಯಾರ ಪುಟ ತೆರೆದರೂ ಮೊದಲು ಒತ್ತಕ್ಷರ ನೋಡುತ್ತಾರೆ. ಸೆಕ್ಯುರಿಟಿ ಗೆಳತಿ ಬೆಂಗಳೂರಿನಿಂದ ವಿಡಿಯೋದಲ್ಲಿ ಬರುತ್ತಾಳೆ, ಫೀಸಿನ ಬದಲು ಒಂದು ಕೆಜಿ ಗೋಡಂಬಿ ಕಳಿಸಬೇಕು ಅಂತ ಒಪ್ಪಂದ. ಮುಂದಿನ ಸಲ ಮಣಿಪಾಲದವರ ಬುಕಿಂಗ್ ಪುಟ ನೋಡುವುದು ಅಂತ ಆಗಿದೆ. ಲಿಂಕ್ ನಾಳೆ ಕಳಿಸುತ್ತೇನೆ ಅಂತ ಅವರು ಎರಡು ವಾರದಿಂದ ಹೇಳುತ್ತಿದ್ದಾರೆ.